ಎಂಟುನೂರರ ನೀರಿನ ಲೆಕ್ಕ

ಗುಂಡ್ಯ ದಾಟಿ ಘಾಟಿ ಹತ್ತಲು ಶುರುಮಾಡಿದಾಗ ಮುಂದೊಂದು ಗ್ಯಾಸ್ ಟ್ಯಾಂಕರ್ ಸಿಕ್ಕಿತು. ಶಿರಾಡಿಯಲ್ಲಿ ಅದೇನು ಹೊಸತಲ್ಲ. ಏಪ್ರಿಲ್ ಮಧ್ಯಾಹ್ನ; ಕರಾವಳಿಯ ಧಗೆ ಇನ್ನೂ ಮೈಗೆ ಅಂಟಿಕೊಂಡೇ ಇತ್ತು. ಫಸ್ಟ್, ಸೆಕೆಂಡ್, ಮತ್ತೆ ಫಸ್ಟ್ ಎಂದು ಗೇರು ಬದಲಿಸುತ್ತ ಅದರ ಹಿಂದೆ ನಾಲ್ಕೈದು ಕಿಲೋಮೀಟರ್ ತೆವಳಿರಬೇಕು. ನನ್ನ 1998ರ ಮಾರುತಿ 800ರ ಟೆಂಪರೇಚರ್ ಮುಳ್ಳು ಅರ್ಧ ದಾಟಿತು, ಮುಕ್ಕಾಲಿಗೆ ಬಂತು, ಇನ್ನೆರಡು ತಿರುವಿನಲ್ಲಿ 'ಎಚ್' ಅಕ್ಷರವನ್ನು ಮುಟ್ಟಿತು. ಎಲ್ಲಾದರೂ ಜಾಗ ಸಿಕ್ಕರೆ ನಿಲ್ಲಿಸೋಣ ಎಂದುಕೊಳ್ಳುವಷ್ಟರಲ್ಲಿ ಅದೇ ಮುಳ್ಳು ಸರ್ರನೆ ಕೆಳಗಿಳಿಯಿತು. ಸದ್ಯ, ತಣ್ಣಗಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡು ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು, ಎಂಜಿನ್ ಕಟಕಟ ಎಂದು ತಾನಾಗಿಯೇ ನಿಂತಿತು.

ಮುಳ್ಳು ಇಳಿದದ್ದು ಎಂಜಿನ್ ತಣ್ಣಗಾಗಿ ಅಲ್ಲ, ನೀರು ಮುಗಿದು. ಬಿಸಿಯನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿ ಕೂತಿರುತ್ತದೆ. ನೀರಿನ ಮಟ್ಟ ಅದಕ್ಕಿಂತ ಕೆಳಗೆ ಹೋದರೆ ಅದು ಬರೀ ಗಾಳಿಯಲ್ಲಿ ನಿಂತು, ಗಾಳಿಯ ಸಮಾಚಾರವನ್ನಷ್ಟೇ ಮೀಟರಿಗೆ ಕಳಿಸುತ್ತದೆ. ಪಕ್ಕದಲ್ಲೇ ಲೋಹ ಕಾದು ಕೆಂಡವಾಗುತ್ತಿದ್ದರೂ ಡ್ಯಾಶ್‌ಬೋರ್ಡ್ ಎಲ್ಲ ಸೌಖ್ಯ ಎನ್ನುತ್ತಿರುತ್ತದೆ. ಮೇಲೇರಿದ ಮುಳ್ಳಿಗೆ ಎಲ್ಲರೂ ಹೆದರುತ್ತೇವೆ. ಹೆದರಬೇಕಾದದ್ದು ಏರಿದ ಮೇಲೆ ಕಾರಣವಿಲ್ಲದೆ ಬಿದ್ದ ಮುಳ್ಳಿಗೆ. ಇಪ್ಪತ್ತು ವರ್ಷ ಕಾರು ಓಡಿಸಿದ್ದ ನನಗೆ ಇಷ್ಟು ಗೊತ್ತಿರಲಿಲ್ಲ.

ಹಾಸನದವರೆಗೆ ಎಳೆಸಿಕೊಂಡು ಬಂದ ಕಾರಿನ ಬಾನೆಟ್ ಎತ್ತಿದ ಮೆಕ್ಯಾನಿಕ್ ಎಂಜಿನ್ ಮುಟ್ಟಲೇ ಇಲ್ಲ. ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಬೆರಳು ಹಾಕಿ ಒಂದು ಸುತ್ತು ಒರೆಸಿ, ನನ್ನ ಮುಂದೆ ಹಿಡಿದರು. ತುದಿಯಲ್ಲಿ ಕೆಮ್ಮಣ್ಣಿನ ಬಣ್ಣದ ಕೆಸರು.

"ಇದಕ್ಕೆ ಯಾವ ನೀರು ಹಾಕ್ತಿದ್ರಿ ಸಾರ್?"

"ನಮ್ಮನೆ ಬೋರ್‌ವೆಲ್ ನೀರೇ ಅಣ್ಣ."

"ಕುಡಿಯಕ್ಕೂ ಅದೇನಾ?"

"ಇಲ್ಲ, ಕುಡಿಯಕ್ಕೆ ಫಿಲ್ಟರ್ ನೀರು."

ಅವರು ಬೆರಳನ್ನು ಬನಿಯನ್ ವೇಸ್ಟಿಗೆ ಒರೆಸಿಕೊಂಡರು. ಮುಂದೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತಪ್ಪು ಕಾರಿನದಲ್ಲ, ಮಾಡಿದವರದ್ದೂ ಅಲ್ಲ. ಪ್ರತಿ ಭಾನುವಾರ ಚೊಂಬು ಹಿಡಿದು ನಿಲ್ಲುತ್ತಿದ್ದ ನನ್ನದು.

ಹಳೇ 800ರಲ್ಲಿ ನಾವು ಎಂಜಿನ್ ತೊಂದರೆ ಎಂದು ಕರೆಯುವುದರಲ್ಲಿ ಬಹುಪಾಲು ನೀರಿನ ತೊಂದರೆಯೇ. ನಾಲ್ಕೈದು ಗ್ಯಾರೇಜುಗಳಲ್ಲಿ ಸ್ಟೂಲಿನ ಮೇಲೆ ಕೂತು ಕಾದು, ಬಿಚ್ಚಿಟ್ಟ ಎಂಜಿನ್‌ಗಳನ್ನು ನೋಡಿ ನೋಡಿ ನನಗೆ ಹೀಗನ್ನಿಸಿದೆ. ಆ ಎಂಜಿನ್ ತಾನಾಗಿ ಸಾಯುವಂಥದ್ದಲ್ಲ. ಗುರುಗ್ರಾಮದ ಕಾರ್ಖಾನೆಯಲ್ಲಿ 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ ಮೊದಲ ಕಾರಿನ ಕೀ ಕೊಟ್ಟ ದಿನದಿಂದ, 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲುವವರೆಗೆ, ಮೂರು ಸಿಲಿಂಡರು, 796 ಸಿಸಿ ಎಂಬ ಮೂಲ ಲೆಕ್ಕ ಬದಲಾಗಲಿಲ್ಲ. 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದವು. ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ 2010ರಲ್ಲೇ, ಹೊಸ ಹೊಗೆ ನಿಯಮದ ಕಾರಣಕ್ಕೆ, ಮಾರಾಟ ನಿಂತಿತ್ತು. ಆದರೂ ತಾಲ್ಲೂಕು ಕೇಂದ್ರಗಳಲ್ಲಿ, ಕಾಫಿ ತೋಟದ ಶೆಡ್ಡುಗಳಲ್ಲಿ, ನಿವೃತ್ತ ಮೇಷ್ಟ್ರುಗಳ ಮನೆ ಮುಂದೆ ಅವು ಇನ್ನೂ ಇವೆ. 40ಕ್ಕೂ ಕಡಿಮೆ ಅಶ್ವಶಕ್ತಿಯ ಆ ಕಾರ್ಬ್ಯುರೇಟರ್ ಎಂಜಿನ್ ನಾಲ್ಕು ಜನ, ಎರಡು ಬ್ಯಾಗು, ಒಂದು ಹಲಸಿನ ಹಣ್ಣು ಹೊತ್ತು ಆಗುಂಬೆ ಹತ್ತುತ್ತದೆ. ಅದು ಕೇಳುವುದು ಮೂರೂವರೆ ಲೀಟರಿನ ಆಸುಪಾಸು ಒಳ್ಳೆ ನೀರು, ಮೂರು ಲೀಟರಿನ ಆಸುಪಾಸು ಒಳ್ಳೆ ಆಯಿಲ್. ನಾವು ಎರಡನೆಯದನ್ನು ಕೊಡುತ್ತೇವೆ, ಮೊದಲನೆಯದರಲ್ಲಿ ಜುಗ್ಗತನ ಮಾಡುತ್ತೇವೆ.

ಪೆಟ್ರೋಲ್ ಉರಿದಾಗ ಸಿಲಿಂಡರಿನೊಳಗೆ ಹುಟ್ಟುವ ಅನಿಲದ ಬಿಸಿ ಆ ಕ್ಷಣಕ್ಕೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ನೆತ್ತಿಯ ಮೇಲಿರುವ ಸಿಲಿಂಡರ್ ಹೆಡ್ ಅಲ್ಯುಮಿನಿಯಮ್ಮಿನದು, ಅದು ಕರಗುವುದು 660 ಡಿಗ್ರಿಯ ಸುಮಾರಿಗೆ. ಆದರೂ ಕರಗದೆ ಇರುವುದು ಅದರ ಬೆನ್ನಿಗೆ ನೀರು ಹರಿಯುತ್ತಿರುವುದರಿಂದ. ಉರಿದ ಪೆಟ್ರೋಲಿನ ಶಾಖದಲ್ಲಿ ಕಾರು ಓಡಿಸಲು ಸಿಗುವುದು ಕಾಲು ಭಾಗದಿಂದ ಮೂರನೇ ಒಂದರಷ್ಟು. ಸುಮಾರಾಗಿ ಅಷ್ಟೇ ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದನ್ನು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಚೆಲ್ಲುವುದು ನೀರಿನ ಕೆಲಸ.

ಬೋರ್‌ವೆಲ್ ನೀರು ಮಾಡುವ ಅನಾಹುತ ನೋಡಬೇಕಾದರೆ ಬಚ್ಚಲ ಹಂಡೆಯೊಳಗೆ ಬಗ್ಗಿ ನೋಡಿದರೆ ಸಾಕು. ವರ್ಷಗಟ್ಟಲೆ ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಸೌದೆ ಎಷ್ಟು ಒಟ್ಟಿದರೂ ನೀರು ಬೇಗ ಕಾಯುವುದಿಲ್ಲ. ಸುಣ್ಣದಂಥ ಆ ಪದರ ಶಾಖವನ್ನು ದಾಟಿಸುವುದು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ನಿಧಾನ. ಅದೇ ಹಕ್ಕಳೆ ಎಂಜಿನ್ ಬ್ಲಾಕಿನೊಳಗೂ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕೂರುತ್ತದೆ. ಹೊರಗೆ ಗಾಳಿ ಬೀಸುತ್ತಿರುತ್ತದೆ, ಒಳಗೆ ನೀರು ಓಡುತ್ತಿರುತ್ತದೆ, ನಡುವೆ ಕಂಬಳಿ ಹೊದಿಸಿದಂತಿರುತ್ತದೆ. ಸಾಲದ್ದಕ್ಕೆ ತುಕ್ಕು. ಕಬ್ಬಿಣದ ಬ್ಲಾಕು, ಅಲ್ಯುಮಿನಿಯಮ್ಮಿನ ಹೆಡ್ಡು, ನಡುವೆ ಉಪ್ಪು ನೀರು. ಇದು ಒಂದು ಲೆಕ್ಕಕ್ಕೆ ಬ್ಯಾಟರಿಯೇ. ಎರಡು ಬೇರೆ ಲೋಹ ಒಂದೇ ಉಪ್ಪು ನೀರಿನಲ್ಲಿದ್ದರೆ ಅವುಗಳಲ್ಲಿ ಒಂದು ಸವೆಯುತ್ತ ಹೋಗುತ್ತದೆ, ಇಲ್ಲಿ ಆ ಪಾಳಿ ಅಲ್ಯುಮಿನಿಯಮ್ಮಿನದು. ಬ್ಲಾಕಿನ ಪಕ್ಕದಲ್ಲಿ ಕಾಸಿನಗಲದ ತಗಡಿನ ಮುಚ್ಚಳಗಳಿರುತ್ತವೆ, ಕೋರ್ ಪ್ಲಗ್ ಎನ್ನುತ್ತಾರೆ. ಅವು ಒಳಗಿನಿಂದ ತುಕ್ಕು ತಿಂದು ಒಂದು ದಿನ ಸೂಜಿಮೊನೆಯಷ್ಟು ತೂತಾಗುತ್ತವೆ. ನೆಲದ ಮೇಲೆ ನೀರು ಬೀಳದೆಯೂ ನೀರು ಕಡಿಮೆಯಾಗುತ್ತ ಹೋದರೆ ಮೊದಲು ಅವುಗಳ ಮೇಲೆ ಅನುಮಾನ ಪಡಬೇಕು. ಬಿಸಿ ಬ್ಲಾಕಿನ ಮೇಲೆ ಸೋರಿದ್ದು ಅಲ್ಲೇ ಆರಿ, ಬಿಳಿಯ ಇಲ್ಲವೇ ಕಂದು ಗೆರೆಯೊಂದನ್ನಷ್ಟೇ ಉಳಿಸಿರುತ್ತದೆ.

ಕೂಲೆಂಟ್ ಎಂದರೆ ಹಿಮ ಬೀಳುವ ಊರಿನವರಿಗೆ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ ನಿಜ. ಹಾಸನದಲ್ಲಿ ಅದರಿಂದ ಉಪಯೋಗವಿಲ್ಲ. ನಮಗೆ ಬೇಕಾದದ್ದು ಅದರ ಇನ್ನೆರಡು ಗುಣ: ತುಕ್ಕು ತಡೆಯುವ ರಾಸಾಯನಿಕ, ಕುದಿಬಿಂದುವನ್ನು ಒಂದಿಷ್ಟು ಮೇಲೆತ್ತುವ ಗ್ಲೈಕಾಲ್. ಸೆಕೆ ನಾಡಿನಲ್ಲಿ ನೂರಕ್ಕೆ 30 ಪಾಲು ಕೂಲೆಂಟಿದ್ದರೂ ನಡೆಯುತ್ತದೆ. ಮಿಕ್ಕದ್ದು ಡಿಸ್ಟಿಲ್ಡ್ ವಾಟರ್ ಆಗಿರಬೇಕು, ಬ್ಯಾಟರಿಗೆ ಹಾಕುತ್ತೇವಲ್ಲ ಅದು. ಕೂಲೆಂಟ್ ಬಣ್ಣ ಕಂಡ ತಕ್ಷಣ ಸರಿಯಿದೆ ಎಂದುಕೊಳ್ಳಬೇಡಿ. ಬಣ್ಣ ಉಳಿದೇ ಇರುತ್ತದೆ, ತುಕ್ಕು ತಡೆಯುವ ಶಕ್ತಿ ಎರಡು ಮೂರು ವರ್ಷದಲ್ಲಿ ಕರಗಿಹೋಗಿರುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ನಾವು ಬರೀ ಮುಚ್ಚಳ ಎಂದುಕೊಂಡಿದ್ದೇವೆ. ಅದು ಕುಕ್ಕರಿನ ವೆಯ್ಟ್ ಇದ್ದಂತೆ. ಸಣ್ಣ ಕಾರುಗಳದ್ದರ ಮೇಲೆ ಸಾಮಾನ್ಯವಾಗಿ 0.9 ಎಂದು ಅಚ್ಚಾಗಿರುತ್ತದೆ: ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೂ ಅಷ್ಟನ್ನು ಅದು ತಡೆದು ನಿಲ್ಲಿಸುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 118 ಡಿಗ್ರಿಯ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹೋದರೆ ಈ ರಕ್ಷಣೆಯೂ ಹೋಯಿತು. ಎತ್ತರ ಹೆಚ್ಚಿದಷ್ಟೂ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ. ಬೆಂಗಳೂರಿನಲ್ಲಿ, ಹಾಸನದಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿ ಬರುತ್ತದೆ. ಮಂಗಳೂರಿನಿಂದ ಹೊರಟ, ಮುಚ್ಚಳ ಸಡಿಲವಾದ ಕಾರು ಘಾಟಿ ಹತ್ತುತ್ತ ಹತ್ತುತ್ತ ತನ್ನ ಕುದಿಬಿಂದುವನ್ನೇ ಇಳಿಸಿಕೊಳ್ಳುತ್ತ ಹೋಗುತ್ತದೆ, ಅದೂ ಎಂಜಿನ್ ಅತಿ ಹೆಚ್ಚು ದುಡಿಯುವ ಹೊತ್ತಿನಲ್ಲಿ. ಅದೇ ಮುಚ್ಚಳದ ಕೆಳಗೆ ಇನ್ನೊಂದು ಪುಟ್ಟ ವಾಲ್ವ್ ಇದೆ; ಎಂಜಿನ್ ಆರುವಾಗ ಪಕ್ಕದ ಬಾಟಲಿಯಿಂದ ನೀರನ್ನು ವಾಪಸು ಎಳೆದುಕೊಳ್ಳುವುದು ಅದರ ಕೆಲಸ. ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಪೈಪು ಹೀರಿದ ಮಾವಿನ ಗೊರಟೆಯ ಹಾಗೆ ಚಪ್ಪಟೆಯಾಗಿದ್ದರೆ ಆ ವಾಲ್ವ್ ಕೆಟ್ಟಿದೆ ಎಂದರ್ಥ. ಮುಚ್ಚಳ ಬದಲಿಸುವುದು ಎಂಜಿನ್ ರಿಪೇರಿಗಳಲ್ಲೇ ಅತಿ ಅಗ್ಗದ್ದು.

ಕುದಿಯುವ ಕಾರಿನ ಮುಚ್ಚಳವನ್ನು ಮಾತ್ರ ಮುಟ್ಟಲೇಬೇಡಿ. ಒತ್ತಡದಲ್ಲಿ ನೀರಾಗಿಯೇ ಇದ್ದದ್ದು ಮುಚ್ಚಳ ಸಡಿಲಿಸಿದ ಕ್ಷಣ ಹಬೆಯಾಗಿ ಮುಖಕ್ಕೆ ಎರಚುತ್ತದೆ. ದಪ್ಪ ಬಟ್ಟೆ ಹಿಡಿದು ತೆಗೆಯುತ್ತೇನೆ ಎಂಬ ಶೂರತನವೂ ಬೇಡ. ಅರ್ಧ ಗಂಟೆ ಮರದ ನೆರಳಲ್ಲಿ ಕೂತರೆ ಯಾರ ಗಂಟೂ ಹೋಗುವುದಿಲ್ಲ. ತಣ್ಣೀರನ್ನು ಒಮ್ಮೆಲೇ ಸುರಿದರೆ ಕಾದ ಹೆಡ್ ಬಿರುಕು ಬಿಡಬಹುದು. ನಿಲ್ಲಿಸಲು ಜಾಗವೇ ಇಲ್ಲ, ಮುಳ್ಳು ಏರುತ್ತಿದೆ ಎಂದಾಗ ಒಂದು ಉಪಾಯ ಇದೆ, ಪಕ್ಕದಲ್ಲಿ ಕೂತವರು ಬೈಯ್ಯುತ್ತಾರೆ: ಹೀಟರನ್ನು ಪೂರ್ತಿ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಗಾಜು ಇಳಿಸಿ. ಹೀಟರಿನೊಳಗಿರುವುದು ಇನ್ನೊಂದು ಪುಟ್ಟ ರೇಡಿಯೇಟರು. ಎಂಜಿನ್ನಿನ ಬಿಸಿ ಒಂದಷ್ಟು ನಿಮ್ಮ ಮೊಣಕಾಲಿನ ಮೇಲೆ ಇಳಿಯುತ್ತದೆ.

ಎಲ್ಲಿ ಬಿಸಿಯಾಗುತ್ತದೆ ಎಂಬುದರಲ್ಲೇ ಅರ್ಧ ರೋಗಪರೀಕ್ಷೆ ಮುಗಿಯುತ್ತದೆ. ಪೇಟೆಯ ಸಿಗ್ನಲ್ಲಿನಲ್ಲಿ ಏರಿ, ಹೈವೇಗೆ ಬಿದ್ದ ಮೇಲೆ ಇಳಿದರೆ ತೊಂದರೆ ಫ್ಯಾನಿನದು. ಓಡುವಾಗ ಎದುರುಗಾಳಿ ಸಾಕಾಗುತ್ತದೆ, ನಿಂತಾಗ ಫ್ಯಾನೇ ಬೀಸಬೇಕು. ಅದರ ಮೋಟರಿನ ಬ್ರಶ್ ಸವೆದಿರಬಹುದು, ಅದನ್ನು ಹೊತ್ತಿಸುವ ಥರ್ಮೋ ಸ್ವಿಚ್ ಸತ್ತಿರಬಹುದು, ಬರೀ ಫ್ಯೂಸ್ ಹೋಗಿರಲೂಬಹುದು. ಇದಕ್ಕೆ ತದ್ವಿರುದ್ಧವಾಗಿ, ಪೇಟೆಯಲ್ಲಿ ಸುಮ್ಮನಿದ್ದು ಹೈವೇಯಲ್ಲೋ ಏರಿನಲ್ಲೋ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆ. ಒಳಗಿನ ಹಕ್ಕಳೆ ಒಂದು ಕಾರಣ. ಹೊರಗಿನದ್ದು ನಮ್ಮ ಸುಗ್ಗಿ. ರಾಗಿ, ಹುರುಳಿ ರಸ್ತೆಯ ಮೇಲೆ ಹಾಸುವ ತಿಂಗಳುಗಳಲ್ಲಿ ಒಂದು ವಾರ ಓಡಾಡಿ ಬಂದು ರೇಡಿಯೇಟರಿನ ಮುಂಭಾಗ ನೋಡಿ; ಹೊಟ್ಟು, ರೆಕ್ಕೆಹುಳ, ದೂಳು ಸೇರಿ ಬೆರಣಿ ತಟ್ಟಿದ ಹಾಗೆ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ಪಿಚಕಾರಿಗೆ ತೆಳು ರೆಕ್ಕೆಗಳೆಲ್ಲ ಮಡಚಿ ಮಲಗಿಬಿಡುತ್ತವೆ.

ಇನ್ನೊಂದು ಸಂಗತಿಯನ್ನು ಕಾರು ಕಲಿಸುವವರು ಹೇಳಿಕೊಡುವುದಿಲ್ಲ. ಈ ಕಾರಿನಲ್ಲಿ ಆಲ್ಟರ್ನೇಟರನ್ನೂ (ಗ್ಯಾರೇಜಿನ ಬಾಯಲ್ಲಿ ಅದು ಇಂದಿಗೂ ಡೈನಮೋ) ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಓಡುತ್ತಿರುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡರೆ, ಚಾರ್ಜ್ ಆಗುತ್ತಿಲ್ಲ ಅಷ್ಟೇ ತಾನೆ, ಊರು ಸೇರಿ ನೋಡೋಣ ಎಂದು ಮುಂದುವರಿಯುತ್ತಾರೆ. ಬೆಲ್ಟ್ ಕಿತ್ತುಹೋಗಿದ್ದರೆ ನೀರಿನ ಓಟವೂ ಅದೇ ಕ್ಷಣ ನಿಂತಿರುತ್ತದೆ. ಊರು ಸೇರುವುದು ಹೆಡ್ ಬೆಂದ ಕಾರು.

ಹೆಡ್ ಹೋಯಿತು ಎಂಬ ಎರಡು ಪದ ಹಳೇ ಕಾರಿನವರಿಗೆ ಸಾವಿನ ಸುದ್ದಿಯ ಹಾಗೆ ಕೇಳಿಸುತ್ತದೆ. ಆಗುವುದಿಷ್ಟು. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. ಒಂದು ಅಡಿ ಉದ್ದದ ಪಟ್ಟಿ 100 ಡಿಗ್ರಿ ಹೆಚ್ಚು ಬಿಸಿಯಾದರೆ ಅಲ್ಯುಮಿನಿಯಂ 0.7 ಮಿಲಿಮೀಟರ್ ಬೆಳೆಯುತ್ತದೆ, ಕಬ್ಬಿಣ ಅದರರ್ಧ. ಹೆಡ್ಡನ್ನು ಕಬ್ಬಿಣದ ಬ್ಲಾಕಿಗೆ ಬೋಲ್ಟ್ ಹಾಕಿ ಬಿಗಿದಿರುವುದರಿಂದ ಅದಕ್ಕೆ ಉದ್ದಕ್ಕೆ ಬೆಳೆಯಲು ಜಾಗವಿಲ್ಲ, ಬಿಲ್ಲಿನಂತೆ ಬಾಗುತ್ತದೆ. ಇಂಥ ಎಂಜಿನ್‌ಗಳಿಗೆ ಸಹ್ಯವಾದ ಬಾಗು 0.05 ಮಿಲಿಮೀಟರಿನ ಸುಮಾರು, ತಲೆಗೂದಲಿನಷ್ಟು. ಅದಕ್ಕಿಂತ ಹೆಚ್ಚಾದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಬಾಯಿ ಬಿಡುತ್ತದೆ. ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ನೀರು ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗಿ ಹೊರಡುತ್ತದೆ. ಆಯಿಲ್ಲಿಗೆ ಸೇರಿದರಂತೂ ಅಳತೆಕಡ್ಡಿಗೆ ಹಾಲು ಹೆಚ್ಚಾದ ಕಾಫಿಯಂಥದ್ದು ಅಂಟಿಕೊಂಡು ಬರುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಬೆಣ್ಣೆಯಂಥದ್ದು ಕಂಡರೆ ಹೌಹಾರಬೇಕಿಲ್ಲ. ಮಳೆಗಾಲದಲ್ಲಿ ಬರೀ ದೇವಸ್ಥಾನಕ್ಕೂ ಹಾಲಿನ ಡೇರಿಗೂ ಓಡಾಡುವ ಕಾರಿನಲ್ಲಿ ತೇವ ಆರದೆ ಹಾಗಾಗುವುದುಂಟು. ಅಂಥ ಕಾರಿನ ಹೆಡ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರನ್ನು ನಾನು ಬಲ್ಲೆ.

ನೀರಿಗೆ ಸಂಬಂಧವಿಲ್ಲದ ತೊಂದರೆಗಳೂ ಇವೆ, ಆದರೆ ಅವುಗಳ ಗೋಳು ಚಿಕ್ಕದು. ಮಲೆನಾಡಿನ ಜುಲೈನಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದ ಕಾರ್ಬ್ಯುರೇಟರ್ ಕಾರಿನ ಡೆಲ್ಕೋ (ಅಂದರೆ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿದರೆ ಹತ್ತರಲ್ಲಿ ಏಳು ಸಲ ಹೊಡೆದುಕೊಳ್ಳುತ್ತದೆ. ಮೂರು ಸಿಲಿಂಡರಿನಲ್ಲಿ ಒಂದು ಪ್ಲಗ್ ಕೈಕೊಟ್ಟರೆ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹೋಗಿ ಕಾರು ಜ್ವರ ಬಂದಂತೆ ನಡುಗುತ್ತದೆ, ಅದನ್ನೇ ಮಿಸ್ಸಿಂಗ್ ಎನ್ನುವುದು. ಬೆಳಗಿನ ಮೊದಲ ಸ್ಟಾರ್ಟಿಗೆ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಆಕ್ಸಿಲೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಇತ್ತೀಚಿನ ತಲೆನೋವು ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲೇ ಈಗ ಹೆಚ್ಚುಕಡಿಮೆ ಎಲ್ಲ ಬಂಕುಗಳಲ್ಲೂ ಸಿಗುವುದು. 800ರ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಇದಕ್ಕಾಗಿ ಮಾಡಿದವಲ್ಲ. ವರ್ಷಕ್ಕೊಮ್ಮೆ ಪೈಪುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಿಸಿಬಿಡಿ. ಬಿಡಿಭಾಗಗಳಿಗೇನೂ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೆಸರು ಹೇಳಿ ಮುಗಿಸುವುದರೊಳಗೆ ಕೌಂಟರಿನ ಮೇಲೆ ಬಂದು ಬೀಳುತ್ತವೆ.

ನನ್ನ ಕಾರಿಗೆ ವಾಪಸು ಬರುತ್ತೇನೆ. ಹೆಡ್ ಬಿಚ್ಚಿ, ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿ, ರೇಡಿಯೇಟರನ್ನು ರಾಡ್ ಹೊಡೆಸಿ ಜೋಡಿಸುವ ಹೊತ್ತಿಗೆ ಹನ್ನೊಂದು ದಿನ ಆಯಿತು. ಕೊನೆಯ ದಿನ ಮೆಕ್ಯಾನಿಕ್ ಕೇಳಿದರು: "ಇದರಲ್ಲಿ ಥರ್ಮೋಸ್ಟ್ಯಾಟೇ ಇರ್ಲಿಲ್ಲ ಸಾರ್, ಯಾರು ತೆಗ್ಸಿದ್ದು?" ನನಗೇನು ಗೊತ್ತು. ನನಗಿಂತ ಮುಂಚೆ ಕಾರಿಗೆ ಇಬ್ಬರು ಯಜಮಾನರು. "ನಾವೂ ತೆಗೀತಿದ್ವಿ ಬಿಡಿ," ಎಂದು ಅವರು ಮೇಜಿನ ಕೆಳಗಿಂದ ಒಂದು ಬಿಸ್ಕತ್ ಡಬ್ಬ ಎಳೆದರು. ಅದರ ತುಂಬ ಹಿತ್ತಾಳೆ ಬಣ್ಣದ ಹಳೇ ಥರ್ಮೋಸ್ಟ್ಯಾಟುಗಳು, ಪುಟ್ಟ ಬುಗುರಿಗಳ ಹಾಗೆ. ಬಿಸಿಯಾಗುತ್ತದೆ ಎಂದು ಬಂದ ಕಾರಿನಿಂದ ಅದನ್ನು ಕಿತ್ತು, ನಮ್ಮ ಸೆಕೆಗೆ ಇದು ಬೇಡ ಎಂದು ಕಳಿಸುವುದು ಗ್ಯಾರೇಜುಗಳ ಹಳೇ ಪದ್ಧತಿ.

ಥರ್ಮೋಸ್ಟ್ಯಾಟ್ ನೀರಿನ ದಾರಿಯ ಬಾಗಿಲು. ಒಳಗೊಂದು ಮೇಣದ ಗುಳಿಗೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿದ್ದು ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ, ಎಂಜಿನ್ ಬೇಗ ಕಾಯುತ್ತದೆ. ಹದಕ್ಕೆ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಅದು ಕೆಟ್ಟು ಮುಚ್ಚಿಕೊಂಡರೆ ಎಂಜಿನ್ ಕುದಿಯುವುದು ನಿಜವೇ. ಕಿತ್ತುಹಾಕಿದರೆ ಆ ಭಯವಿಲ್ಲ, ಆದರೆ ಎಂಜಿನ್ ಯಾವತ್ತೂ ಹದಕ್ಕೆ ಬರುವುದಿಲ್ಲ. ತಣ್ಣನೆ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗಂಟಿ, ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ರಿಂಗ್ ಸವೆಯುತ್ತದೆ, ಮೈಲೇಜ್ ಇಳಿಯುತ್ತದೆ. ನನ್ನ ಕಾರು ಡಿಸೆಂಬರಿನ ಬೆಳಿಗ್ಗೆ ಕಾಲು ಗಂಟೆ ಚೋಕ್ ಬೇಡುತ್ತಿದ್ದುದಕ್ಕೆ ನಾನು ವಯಸ್ಸಾಯಿತು ಎಂದುಕೊಂಡಿದ್ದೆ. ಹೀಗೆ ತಣ್ಣಗೇ ಓಡುತ್ತಿದ್ದುದರಿಂದಲೇ ರೇಡಿಯೇಟರ್ ಕಟ್ಟಿಕೊಂಡದ್ದೂ ಬಯಲುಸೀಮೆಯಲ್ಲಿ ಗೊತ್ತಾಗಲಿಲ್ಲ. ಅದು ಗೊತ್ತಾಗಲು ಒಂದು ಘಾಟಿ, ಒಂದು ಟ್ಯಾಂಕರ್ ಬೇಕಾಯಿತು.

ಹೊಸ ಥರ್ಮೋಸ್ಟ್ಯಾಟ್ ನಾನೇ ತಂದೆ. ಅದರ ಮೇಲೆ 82 ಎಂದು ಅಚ್ಚಿತ್ತು. ಹಾಕಿಸುವ ಮೊದಲು ಪರೀಕ್ಷೆ ಮಾಡೋಣವೆಂದು ಚಹಾ ಮಾಡುವ ಪಾತ್ರೆಗೆ ನೀರು ತುಂಬಿ, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಸ್ಟೌವಿನ ಮುಂದೆ ನಿಂತೆ. 70ರಲ್ಲಿ ಏನೂ ಇಲ್ಲ. 80ರಲ್ಲೂ ಇಲ್ಲ. 83ಕ್ಕೆ ಅಂಚಿನಲ್ಲಿ ಉಗುರಿನಂಥ ಸಂದಿ ಕಂಡಿತು. ನೀರು ಮರಳತೊಡಗಿದಾಗ, 95ರ ಹತ್ತಿರ, ಬಾಗಿಲು ಪೂರ್ತಿ ತೆರೆದು ನಿಂತಿತ್ತು. ಸ್ಟೌ ಆರಿಸಿದೆ. ಅದು ಬಂದಷ್ಟೇ ಮೆಲ್ಲಗೆ ಮುಚ್ಚಿಕೊಂಡಿತು. ಮತ್ತೊಮ್ಮೆ ಕಾಯಿಸಿ ನೋಡಿದೆ, ಅವಶ್ಯಕತೆ ಇರಲಿಲ್ಲ, ಆದರೂ. ಅಷ್ಟರಲ್ಲಿ ಹಿಂದಿನಿಂದ "ಏನ್ರೀ ಅದು, ಚಹಾ ಪಾತ್ರೆಲಿ?" ಎಂದು ಕೇಳಿಸಿತು. ಆ ಪಾತ್ರೆ ಈಗ ಕಾರಿನ ಡಿಕ್ಕಿಯಲ್ಲಿದೆ, ಕೂಲೆಂಟ್ ಬೆರೆಸಲು.